ಲೈನಸ್ ಕೆಳಗೆ ಬಿಟ್ಟ ಹೊದಿಕೆ

ಡಿಸೆಂಬರ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿಕ್ಕ ವಿಡಿಯೋ ಓಡಾಡತೊಡಗುತ್ತದೆ. ಕಾರ್ಟೂನಿನ ಪುಟ್ಟ ಹುಡುಗನೊಬ್ಬ ಖಾಲಿ ವೇದಿಕೆಯ ನಡುವೆ ನಿಂತು ಬೈಬಲ್ಲಿನ ಕೆಲವು ವಾಕ್ಯಗಳನ್ನು ಒಪ್ಪಿಸುತ್ತಾನೆ. ಅವನ ಕೈಯಲ್ಲೊಂದು ನೀಲಿ ಹೊದಿಕೆ. ದೇವದೂತ ಕುರುಬರಿಗೆ ಹೆದರಬೇಡಿ ಎಂದು ಹೇಳುವ ಜಾಗಕ್ಕೆ ಬಂದಾಗ ಹುಡುಗ ಕೈಯೆತ್ತುತ್ತಾನೆ, ಹೊದಿಕೆ ನೆಲಕ್ಕೆ ಬೀಳುತ್ತದೆ. ವಿಡಿಯೋದ ಜೊತೆಗೆ ಬರುವ ಟಿಪ್ಪಣಿಯ ಸಾರಾಂಶ ಪ್ರತಿ ವರ್ಷವೂ ಒಂದೇ: ನೋಡಿ, ನಂಬಿಕೆಯ ಬೆಳಕು ಬಿದ್ದ ಕ್ಷಣದಲ್ಲಿ ಭಯ ಕಳಚಿಬಿತ್ತು.

ಮೂರು ವರ್ಷದ ಹಿಂದೆ ಇದನ್ನು ನನಗೆ ಕಳಿಸಿದವಳು ಉಡುಪಿ ಕಡೆಯ ನನ್ನ ಕ್ರೈಸ್ತ ಗೆಳತಿ. ಅವಳ ಅಮ್ಮ ಆಗ ಆಸ್ಪತ್ರೆಯಲ್ಲಿದ್ದರು. ನಾನು ಸುಮ್ಮನೆ ಕೈಮುಗಿಯುವ ಚಿತ್ರವೊಂದನ್ನು ಕಳಿಸಿ ಬಿಡಬಹುದಿತ್ತು. ವಿಮರ್ಶೆ ಬರೆಯುವವರ ಕೆಟ್ಟ ಚಾಳಿ, ಇಡೀ ಚಿತ್ರವನ್ನು ಹುಡುಕಿ ನೋಡಿದೆ. ನೋಡಿ, "ಆದರೆ ಮಾತು ಮುಗಿದ ಮೇಲೆ ಅದನ್ನು ಎತ್ಕೊಂಡೇ ಹೋಗ್ತಾನಲ್ಲೇ" ಎಂದು ಬರೆದೆ. ಎರಡು ದಿನ ಉತ್ತರವಿಲ್ಲ. ಆಮೇಲೆ ಬಂತು: "ಗೊತ್ತುಂಟು. ನಾನೂ ಎತ್ತಿಕೊಳ್ತೇನೆ."

ಆ ಉತ್ತರದ ನಂತರ ಈ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಇಪ್ಪತ್ತೈದು ನಿಮಿಷದ್ದು, ಹೆಸರು 'ಎ ಚಾರ್ಲಿ ಬ್ರೌನ್ ಕ್ರಿಸ್ಮಸ್'. 1965ರ ಡಿಸೆಂಬರ್ 9ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಮೊದಲ ಬಾರಿ ಪ್ರಸಾರವಾಯಿತು. ಚಾರ್ಲ್ಸ್ ಶುಲ್ಜ್ 1950ರಿಂದ ದಿನಪತ್ರಿಕೆಗಳಿಗೆ ಬರೆಯುತ್ತಿದ್ದ 'ಪೀನಟ್ಸ್' ಕಾಮಿಕ್ಸಿನ ಮಕ್ಕಳೇ ಇಲ್ಲೂ ಇದ್ದಾರೆ. ಕಾಮಿಕ್ಸ್ ಓದದವರೂ ಸ್ನೂಪಿ ಎಂಬ ಬಿಳಿ ನಾಯಿಯನ್ನು ಯಾರದೋ ಟೀ ಶರ್ಟಿನ ಮೇಲಾದರೂ ನೋಡಿರುತ್ತೀರಿ. ಅದರ ಯಜಮಾನ ಚಾರ್ಲಿ ಬ್ರೌನ್, ಯಾವುದರಲ್ಲೂ ಗೆಲ್ಲದ ಬೋಳುತಲೆಯ ಹುಡುಗ. ಹೊದಿಕೆ ಹಿಡಿದವನು ಅವನ ಗೆಳೆಯ ಲೈನಸ್. ಲೈನಸ್ಸನ ಅಕ್ಕ ಲೂಸಿ ಬೀದಿ ಬದಿಯಲ್ಲಿ ಡಬ್ಬಾ ಅಂಗಡಿ ಇಟ್ಟು ಐದು ಸೆಂಟ್ಸಿಗೆ ಮನೋವೈದ್ಯಕೀಯ ಸಲಹೆ ಮಾರುತ್ತಾಳೆ.

ಭಯದ ಮಾತು ಶುರುವಾಗುವುದು ಲೈನಸ್ಸನ ಭಾಷಣದಲ್ಲಿ ಅಲ್ಲ, ಈ ಡಬ್ಬಾ ಅಂಗಡಿಯಲ್ಲಿ. ಹಂಚಿಕೊಳ್ಳುವ ತುಣುಕು ವಿಡಿಯೋಗಳಲ್ಲಿ ಇದು ಇರುವುದಿಲ್ಲ. ಹಬ್ಬ ಹತ್ತಿರ ಬಂದರೂ ತನಗೆ ಖುಷಿಯಾಗುತ್ತಿಲ್ಲ ಎಂದು ಚಾರ್ಲಿ ಬ್ರೌನ್ ಲೂಸಿಯ ಹತ್ತಿರ ಹೋಗುತ್ತಾನೆ. ಅವಳು ಮೊದಲು ದುಡ್ಡು ಇಸಿದುಕೊಂಡು, ಡಬ್ಬಿ ಅಲ್ಲಾಡಿಸಿ, ನಾಣ್ಯದ ಸದ್ದಿಗೆ ಮೈಮರೆತು, ಆಮೇಲೆ ರೋಗಪರೀಕ್ಷೆಗೆ ಇಳಿಯುತ್ತಾಳೆ. ನಿನಗೆ ಜವಾಬ್ದಾರಿಯ ಭಯವಿರಬಹುದೇ? ಬೆಕ್ಕಿನ ಭಯ? ಮೆಟ್ಟಿಲಿನದು? ಸಮುದ್ರದ್ದು? ಸೇತುವೆ ದಾಟುವುದರದು? ಒಂದೊಂದಕ್ಕೂ ಬಾಯಿ ತಿರುಗದ ಗ್ರೀಕ್ ಹೆಸರು. ಕೊನೆಗೆ ಪ್ಯಾಂಟೋಫೋಬಿಯಾ ಇರಬಹುದೇ ಎನ್ನುತ್ತಾಳೆ. ಹಾಗೆಂದರೇನು ಎಂದು ಇವನು ಕೇಳುತ್ತಾನೆ. ಎಲ್ಲದರ ಭಯ. ಅದೇ, ಅದೇ ಎಂದು ಚಾರ್ಲಿ ಬ್ರೌನ್ ಕಿರುಚಿದ ಹೊಡೆತಕ್ಕೆ ಲೂಸಿ ಕುರ್ಚಿಯಿಂದ ಹಾರಿಬೀಳುತ್ತಾಳೆ.

ನಗು ಬರುತ್ತದೆ. ಆದರೆ ಎಂಟು ವರ್ಷದ ಹುಡುಗನೊಬ್ಬ ತನ್ನ ಕಾಯಿಲೆಯ ಹೆಸರು ಸಿಕ್ಕಿತೆಂದು ಸಂಭ್ರಮಪಡುವ ದೃಶ್ಯ ಅದು. ಹೆಸರು ಸಿಕ್ಕರೆ ಅರ್ಧ ವಾಸಿಯಾದಂತೆ ಅನ್ನುವ ಅವನ ಮುಖ ನೋಡುವಾಗ, ವೈದ್ಯರ ಕೋಣೆಯಿಂದ ಚೀಟಿ ಹಿಡಿದು ಹೊರಬರುವ ಎಷ್ಟೋ ದೊಡ್ಡವರ ಮುಖ ನನಗೆ ನೆನಪಾಗುತ್ತದೆ. ಲೂಸಿ ಕೊಡುವ ಮದ್ದು, ಶಾಲೆಯ ಕ್ರಿಸ್ಮಸ್ ನಾಟಕವನ್ನು ನೀನೇ ನಿರ್ದೇಶಿಸು, ಯಾವುದಾದರೂ ಕೆಲಸದಲ್ಲಿ ತೊಡಗಿಕೋ. ಇದು ಇವತ್ತಿಗೂ ಮಾರಾಟದಲ್ಲಿರುವ ಸಲಹೆ.

ಹೀಗೆ ಎಲ್ಲದರ ಭಯದಿಂದ ಹೊರಟ ಕಥೆ ಹೆದರಬೇಡ ಎಂಬ ಮಾತನ್ನು ತಲುಪುವವರೆಗೆ ತೆರೆಯ ತುಂಬ ದೀಪಗಳಿವೆ. ಮೊದಲನೆಯದು ಸ್ನೂಪಿಯದು. ಊರಿನಲ್ಲಿ ಮನೆಗಳ ದೀಪಾಲಂಕಾರ ಸ್ಪರ್ಧೆ ನಡೆಯುತ್ತಿದೆ, ಗೆದ್ದವರಿಗೆ ಹಣ. ನಾಯಿ ತನ್ನ ಗೂಡಿಗೆ ಬಣ್ಣಬಣ್ಣದ ಸೀರಿಯಲ್ ಸೆಟ್ ಸುತ್ತುತ್ತಿದೆ. ನನ್ನ ನಾಯಿಯೂ ವ್ಯಾಪಾರಕ್ಕಿಳಿಯಿತಲ್ಲ ಎಂದು ಚಾರ್ಲಿ ಬ್ರೌನ್ ತಲೆ ಹಿಡಿದುಕೊಳ್ಳುತ್ತಾನೆ. ಅಮೆರಿಕದ ಹಬ್ಬದ ವಿದ್ಯುದ್ದೀಪಕ್ಕೆ ವ್ಯಾಪಾರದ ಹುಟ್ಟುಗುಣ ಇದ್ದೇ ಇದೆ. 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಹಚ್ಚಿ ಪತ್ರಕರ್ತರನ್ನು ಕರೆದು ತೋರಿಸಿದ ಎಡ್ವರ್ಡ್ ಜಾನ್ಸನ್, ಎಡಿಸನ್ನನ ವಿದ್ಯುತ್ ಕಂಪನಿಯ ಪಾಲುದಾರ. ಮೇಣದ ಬತ್ತಿಗಿಂತ ಬಲ್ಬು ಸುರಕ್ಷಿತ ಎಂಬುದು ನಿಜ, ಆದರೆ ಅವನು ಮರದ ಮೇಲೆ ತೂಗುಹಾಕಿದ್ದು ತನ್ನ ಸರಕನ್ನೇ.

ಇದಕ್ಕಿಂತ ಮೊನಚಾದ ದೀಪ ಇನ್ನೊಂದಿದೆ. ನಾಟಕಕ್ಕೆ ಮರ ತರಲು ಚಾರ್ಲಿ ಬ್ರೌನ್ ಮತ್ತು ಲೈನಸ್ ಹಿಮದ ರಾತ್ರಿಯಲ್ಲಿ ಹೊರಡುತ್ತಾರೆ. ಎಲ್ಲಿಗೆ ಹೋಗುವುದು? ದೂರದಲ್ಲಿ ಆಕಾಶವನ್ನು ಗುಡಿಸುತ್ತಿರುವ ಸರ್ಚ್‌ಲೈಟುಗಳು ಕಾಣುತ್ತವೆ. ಅವುಗಳ ಕಡೆ ನಡೆಯೋಣ ಎನ್ನುತ್ತಾನೆ ಲೈನಸ್. ನಕ್ಷತ್ರ ನೋಡಿಕೊಂಡು ಬೆತ್ಲೆಹೇಮಿಗೆ ನಡೆದ ಜೋಯಿಸರ ಕಥೆಯನ್ನು ಭಾನುವಾರದ ಪಾಠದಲ್ಲಿ ಕೇಳಿ ಬೆಳೆದ ಮಕ್ಕಳು, ಸರ್ಚ್‌ಲೈಟ್ ನೋಡಿಕೊಂಡು ಮರ ಮಾರುವ ಮೈದಾನಕ್ಕೆ ನಡೆಯುತ್ತಾರೆ. ಚಿತ್ರ ಇದನ್ನು ಒತ್ತಿ ಹೇಳುವುದಿಲ್ಲ, ಯಾರೂ ನಕ್ಷತ್ರದ ಹೆಸರೆತ್ತುವುದಿಲ್ಲ. ನಾನು ಮೂರನೆಯ ಸಲ ನೋಡುವಾಗ ಹೊಳೆದದ್ದು ಇದು.

ಮೈದಾನದ ತುಂಬ ಅಲ್ಯೂಮಿನಿಯಂ ಮರಗಳು. ಇದು ಕಾರ್ಟೂನಿನ ಕಲ್ಪನೆಯಲ್ಲ. ವಿಸ್ಕಾನ್ಸಿನ್‌ನ ಮ್ಯಾನಿಟೊವಾಕ್ ಊರಿನ ಕಂಪನಿಯೊಂದು 1959ರಿಂದ ಇಂಥ ಮರಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾರುತ್ತಿತ್ತು, ಗುಲಾಬಿ ಬಣ್ಣದ್ದೂ ಇತ್ತು. ಇವುಗಳಿಗೊಂದು ವಿಚಿತ್ರ ಮಿತಿ. ಮರ ಲೋಹದ್ದಾದ್ದರಿಂದ ಅದಕ್ಕೆ ಬಲ್ಬಿನ ಸರ ಸುತ್ತುವಂತಿಲ್ಲ, ಶಾಕ್ ಹೊಡೆಯುವ ಅಪಾಯ. ಹಾಗಾಗಿ ನೆಲದ ಮೇಲೆ ಒಂದು ದೀಪ, ಅದರ ಮುಂದೆ ತಿರುಗುವ ಬಣ್ಣದ ಚಕ್ರ ಇಟ್ಟು ಹೊರಗಿನಿಂದ ಬೆಳಕು ಹಾಯಿಸುತ್ತಿದ್ದರು. ತಾನು ಹೊಳೆಯುತ್ತದೆ, ಆದರೆ ದೀಪವನ್ನು ಹೊರಲಾರದು. ಲೈನಸ್ ಒಂದನ್ನು ಬೆರಳಿನಿಂದ ತಟ್ಟಿದಾಗ ಖಾಲಿ ತಗಡಿನ ಡಬ್ಬದ ಸದ್ದು ಬರುತ್ತದೆ. ಅದರ ನಡುವೆ ನಿಜವಾದ ಕಟ್ಟಿಗೆಯ ಒಂದೇ ಒಂದು ಕಡ್ಡಿಯಂಥ ಗಿಡ, ಮುಟ್ಟಿದರೆ ಎಲೆ ಉದುರುತ್ತದೆ. ಚಾರ್ಲಿ ಬ್ರೌನ್ ಅದನ್ನೇ ಎತ್ತಿಕೊಂಡು ಬಂದು ಎಲ್ಲರಿಂದ ಬೈಸಿಕೊಳ್ಳುತ್ತಾನೆ. ಕ್ರಿಸ್ಮಸ್ ಅಂದರೆ ಏನೆಂದು ಗೊತ್ತಿರುವವರು ಇಲ್ಲಿ ಯಾರೂ ಇಲ್ಲವೇ ಎಂದು ಕೂಗುತ್ತಾನೆ.

ಲೈನಸ್ ವೇದಿಕೆಯ ನಡುವೆ ನಡೆದು ಬಂದು ದೀಪ ಹಾಕಿ ಎಂದು ಕೇಳುತ್ತಾನೆ. ಸುತ್ತ ಕತ್ತಲಾಗಿ ಅವನ ಮೇಲೆ ಒಂದು ಸ್ಪಾಟ್‌ಲೈಟ್ ಬೀಳುತ್ತದೆ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ, 8ರಿಂದ 14ರವರೆಗಿನ ವಚನಗಳು. ಹಿನ್ನೆಲೆ ಸಂಗೀತವಿಲ್ಲ. ಸುಮಾರು ಒಂದು ನಿಮಿಷ ಏಳು ವರ್ಷದ ಹುಡುಗನ ದನಿ ಮಾತ್ರ. ನಿರ್ಮಾಪಕ ಲೀ ಮೆಂಡೆಲ್ಸನ್ ಮತ್ತು ನಿರ್ದೇಶಕ ಬಿಲ್ ಮೆಲೆಂಡೆಜ್ ಇಬ್ಬರೂ ಈ ಭಾಗಕ್ಕೆ ಅಳುಕಿದ್ದರು. ಕಾರ್ಟೂನಿನಲ್ಲಿ ಬೈಬಲ್ ಓದಿಸುವುದು ಅವರಿಗೆ ಅಪಾಯವಾಗಿ ಕಂಡಿತ್ತು. ಶುಲ್ಜ್ ಪಟ್ಟು ಬಿಡಲಿಲ್ಲ. ಮೊದಲು ನೋಡಿದ ವಾಹಿನಿಯ ಅಧಿಕಾರಿಗಳಿಗಂತೂ ಚಿತ್ರವೇ ಹಿಡಿಸಿರಲಿಲ್ಲ. ನಿಧಾನವಾಯಿತು, ಜಾಝ್ ಸಂಗೀತ ಹೊಂದುವುದಿಲ್ಲ ಎಂದೆಲ್ಲ ತಕರಾರು. ಪ್ರಸಾರವಾದ ರಾತ್ರಿ ಅಮೆರಿಕದಲ್ಲಿ ಟಿವಿ ನೋಡುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅದನ್ನೇ ನೋಡಿದರು.

ಈಗ ಹೊದಿಕೆಯ ವಿಷಯ. ಹೊದಿಕೆ ಬಿದ್ದದ್ದು ಹೆದರಬೇಡಿ ಎಂಬ ಮಾತಿಗೇ ಎನ್ನುವುದು ನಿಜ, ಅದನ್ನು ಗುರುತಿಸಿದವರ ಕಣ್ಣು ಸೂಕ್ಷ್ಮ. ಆದರೆ ಅದಕ್ಕೆ ಕೊಟ್ಟ ವ್ಯಾಖ್ಯಾನ ನನಗೆ ಒಪ್ಪಿಗೆಯಿಲ್ಲ. ಬೆಳಕು ಬಂತು, ಭಯ ಹೋಯಿತು ಎಂಬ ಕ್ರಮ ಲೂಕನಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ತಿರುಗುಮುರುಗು. ಕುರುಬರು ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದಾರೆ. ಕತ್ತಲು ಅವರಿಗೆ ಹೊಸದಲ್ಲ, ಕತ್ತಲಿಗೆ ಅವರು ಹೆದರಿದರೆಂದು ಲೂಕ ಎಲ್ಲೂ ಹೇಳುವುದಿಲ್ಲ. ಕರ್ತನ ಪ್ರಭೆ ಸುತ್ತಲೂ ಹೊಳೆದಾಗ ಅವರು ಬಹಳ ಹೆದರುತ್ತಾರೆ. ಭಯ ಹುಟ್ಟಿದ್ದೇ ಬೆಳಕಿನಿಂದ. ದೇವದೂತನ ಮಾತು ಬೇಕಾದದ್ದು ಆ ಬೆಳಕಿನ ಭಯವನ್ನು ಇಳಿಸುವುದಕ್ಕೆ. ಹಬ್ಬದ ದೀಪಗಳ ಬಗ್ಗೆ ಉಪದೇಶ ಮಾಡುವವರು ಕತ್ತಲಲ್ಲಿ ಹೊಳೆಯುವ ಬೆಳಕಿನ ಯೋಹಾನನ ರೂಪಕವನ್ನು ತಂದು ಲೂಕನ ಕುರುಬರ ಮೇಲೆ ಹೊದಿಸಿಬಿಡುತ್ತಾರೆ, ಆಗ ಈ ಹೆದರಿಕೆ ಕಾಣದಂತಾಗುತ್ತದೆ.

ಕನ್ನಡದ ಓದುಗರಿಗೆ ಇದು ಅಪರಿಚಿತವಾಗಬೇಕಿಲ್ಲ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ ತಾನೇ ಬೇಡಿ ವಿಶ್ವರೂಪ ನೋಡುತ್ತಾನೆ, ಸಾವಿರ ಸೂರ್ಯರ ಬೆಳಕು. ನೋಡಿದವನು ನಡುಗುತ್ತಾನೆ, ಹಳೆಯ ಸೌಮ್ಯ ರೂಪವನ್ನೇ ತೋರು ಎಂದು ಅಂಗಲಾಚುತ್ತಾನೆ. ಕೃಷ್ಣನೂ ಹೆದರಬೇಡ ಎಂದೇ ಹೇಳಬೇಕಾಗುತ್ತದೆ. ನಮ್ಮ ದೀಪಾವಳಿಯ ಶುಭಾಶಯಗಳಲ್ಲಿ ಆ ಅರ್ಜುನ ಬರುವುದಿಲ್ಲ, ಅದು ಬೇರೆ ಮಾತು.

ಲೈನಸ್ಸನ ಹೊದಿಕೆಗೆ ಬರೋಣ. ಚಿತ್ರದಲ್ಲಿ ಅವನ ಪಾತ್ರ ಕುರುಬನದು. ಹೊದಿಕೆ ಬಿಡು ಎಂದು ಅಕ್ಕ ಗದರಿದಾಗ ಅದನ್ನೇ ತಲೆಗೆ ಸುತ್ತಿ ಕುರುಬನ ರುಮಾಲು ಮಾಡಿಕೊಂಡವನು ಅವನು. ಅಂದರೆ ವೇದಿಕೆಯ ಮೇಲೆ ದೇವದೂತನ ಮಾತನ್ನು ಹೇಳುತ್ತಿರುವುದು ಹೆದರಿದವರ ಪೈಕಿಯೇ ಒಬ್ಬ. ಕಣ್ಣು ಕುಕ್ಕುವ ಬೆಳಕು ಅವನ ಮೇಲೂ ಬಿದ್ದಿದೆ, ಅವನೇ ಕೇಳಿ ಹಾಕಿಸಿಕೊಂಡದ್ದು. ಹೊದಿಕೆ ಕೆಲವು ಕ್ಷಣ ನೆಲದಲ್ಲಿರುತ್ತದೆ. ಮಾತು ಮುಗಿಯುತ್ತದೆ. ಬಗ್ಗಿ ಎತ್ತಿಕೊಂಡು ಚಾರ್ಲಿ ಬ್ರೌನ್ ಬಳಿಗೆ ಹೋಗುತ್ತಾನೆ. ವಿಡಿಯೋ ಹಂಚುವವರಲ್ಲಿ ಕೆಲವರು ಇಲ್ಲಿಗೆ ಬರುವ ಮೊದಲೇ ಕತ್ತರಿಸುತ್ತಾರೆ. ಈ ಕತ್ತರಿಯ ಬಗ್ಗೆ ನನಗೆ ಸಿಟ್ಟಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅದನ್ನು ನೋಡಿದವರಿಗೆ, ನಂಬಿಕೆ ಇದ್ದರೆ ಹೆದರಿಕೆ ಇರಬಾರದು, ಹೆದರಿಕೆ ಇದ್ದರೆ ನಂಬಿಕೆಯಲ್ಲೇ ಏನೋ ಕೊರತೆ ಎಂದು ಅದು ಹೇಳುತ್ತದೆ. ಮೊದಲೇ ಹೊರೆ ಹೊತ್ತವರ ತಲೆಯ ಮೇಲೆ ಇನ್ನೊಂದು ಮೂಟೆ.

ಶುಲ್ಜ್ ಹಾಗೆ ಬರೆಯುವವರೂ ಅಲ್ಲ. 1943ರಲ್ಲಿ, ಸೈನ್ಯಕ್ಕೆ ಸೇರಿದ ಹೊಸತರಲ್ಲೇ, ಕ್ಯಾನ್ಸರಿನಿಂದ ತಾಯಿಯನ್ನು ಕಳೆದುಕೊಂಡವರು. ಅಲ್ಲಿಂದ ಯುದ್ಧಕ್ಕೆ ಹೋದರು. ಹಿಂದಿರುಗಿದ ಮೇಲೆ ಚರ್ಚಿನಲ್ಲಿ ಗಾಢವಾಗಿ ತೊಡಗಿಕೊಂಡರು, ಭಾನುವಾರದ ಪಾಠ ಮಾಡಿದರು, ವಯಸ್ಸಾದಂತೆ ಚರ್ಚಿನಿಂದ ದೂರ ಸರಿದರು. ಆತಂಕ ಮಾತ್ರ ಎಲ್ಲ ಕಾಲದಲ್ಲೂ ಜೊತೆಗಿತ್ತು, ಪ್ರಯಾಣವೆಂದರೆ ಅವರಿಗೆ ಹಿಂಸೆ. 2000ದ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಐವತ್ತು ವರ್ಷ, ಅವರ ಚಾರ್ಲಿ ಬ್ರೌನ್ ಮಲಗಿದ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಯೋಚಿಸುತ್ತಲೇ ಇದ್ದ. 1965ರ ಆ ಒಂದು ನಿಮಿಷದಲ್ಲಿ ವಾಸಿಯಾಗಲಿಲ್ಲ.

ಚಿತ್ರ ಬೆಳೆಯುವುದು ಭಾಷಣದ ನಂತರ. ಲೂಕನ ವಚನಗಳಲ್ಲಿ ಇನ್ನೊಂದು ಸಂಗತಿ ಇದೆ, ಬೆಳಕಿನ ಗದ್ದಲದಲ್ಲಿ ನಾವು ಮರೆಯುವಂಥದ್ದು. ದೇವದೂತ ಕುರುಬರಿಗೆ ಗುರುತು ಕೊಡುತ್ತಾನೆ. ಆ ಗುರುತು ನಕ್ಷತ್ರವಲ್ಲ, ದೀಪವಲ್ಲ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು. ಬಟ್ಟೆಯಲ್ಲಿ ಸುತ್ತಿದ ಕೂಸು ಎಂದಾಗ ನಮ್ಮ ಬಾಣಂತಿ ಕೋಣೆಗಳ ಹಳೆಯ ಹತ್ತಿ ಸೀರೆಯ ತುಂಡು ನೆನಪಾದರೆ ತಪ್ಪಿಲ್ಲ, ಅದೇ ಮೆತ್ತನೆ, ಅದೇ ಬಡತನ. ಲೈನಸ್ ಈ ವಾಕ್ಯವನ್ನೂ ಒಪ್ಪಿಸುತ್ತಾನೆ, ಹೊದಿಕೆ ಕಾಲಬುಡದಲ್ಲಿ ಬಿದ್ದಿರುವಾಗ.

ಚಾರ್ಲಿ ಬ್ರೌನ್ ಗಿಡ ಹಿಡಿದು ಹೊರಗೆ ಹೋಗುತ್ತಾನೆ. ಮೇಲೆ ನಕ್ಷತ್ರಗಳಿವೆ, ಕಿವಿಯಲ್ಲಿ ಲೈನಸ್ಸನ ಮಾತಿದೆ, ಮುಖದಲ್ಲಿ ಮೊದಲ ಬಾರಿ ನಿರಾಳತೆ. ಬೇರೆಯವರಾಗಿದ್ದರೆ ಚಿತ್ರವನ್ನು ಇಲ್ಲಿಗೇ ಮುಗಿಸುತ್ತಿದ್ದರು. ಇಲ್ಲಿ ಹಾಗಾಗುವುದಿಲ್ಲ. ಸ್ನೂಪಿಯ ಗೂಡಿಗೆ ಮೊದಲ ಬಹುಮಾನ ಬಂದಿದೆ. ಅದರಿಂದ ಒಂದು ಕೆಂಪು ಗುಂಡು ತೆಗೆದು ಗಿಡದ ತುದಿಗೆ ಸಿಕ್ಕಿಸುತ್ತಾನೆ. ಗಿಡ ಬಾಗಿ ನೆಲ ಮುಟ್ಟುತ್ತದೆ. ಅದನ್ನು ಕೊಂದುಬಿಟ್ಟೆ ಎಂದು ತಲೆ ತಗ್ಗಿಸಿ ಹೋಗಿಬಿಡುತ್ತಾನೆ. ದೇವದೂತನ ಮಾತು ಕೇಳಿ ಒಂದೆರಡು ನಿಮಿಷವೂ ಆಗಿಲ್ಲ, ಎಲ್ಲದರ ಭಯ ವಾಪಸು ಬಂದಿದೆ.

ಆಮೇಲೆ ಮಕ್ಕಳು ಬರುತ್ತಾರೆ, ಅವನು ಇಲ್ಲದಾಗ. ಲೈನಸ್ ಬಾಗಿದ ಗಿಡವನ್ನು ನೆಟ್ಟಗೆ ಮಾಡಿ ಅದರ ಬುಡಕ್ಕೆ ತನ್ನ ಹೊದಿಕೆಯನ್ನು ಸುತ್ತುತ್ತಾನೆ. ನನ್ನ ಮಟ್ಟಿಗೆ ಚಿತ್ರದ ಶಿಖರ ಇದು, ವೇದಿಕೆಯ ಮೇಲಿನದಲ್ಲ. ವೇದಿಕೆಯಲ್ಲಿ ಹೊದಿಕೆ ಕೈತಪ್ಪಿತ್ತು, ಇಲ್ಲಿ ಅವನಾಗಿಯೇ ಕೊಡುತ್ತಾನೆ. ಅವನ ಭಯ ಹೋಯಿತೆಂದು ಚಿತ್ರ ಹೇಳುವುದಿಲ್ಲ. ತನಗಿಂತ ಬಲಹೀನವಾದದ್ದೊಂದು ಎದುರಿಗಿತ್ತು, ಹೊದಿಕೆ ಅದಕ್ಕೆ ಬೇಕಾಗಿತ್ತು. ಬಟ್ಟೆಯಲ್ಲಿ ಸುತ್ತಿದ ಕೂಸಿನ ಮಾತನ್ನು ಬಾಯಿಪಾಠ ಒಪ್ಪಿಸಿದವನ ಕೈ ಈ ಕೆಲಸ ಮಾಡುವುದನ್ನು ನೋಡಿದಾಗ, ಶುಲ್ಜ್ ಆ ವಚನಗಳಿಗಾಗಿ ಏಕೆ ಪಟ್ಟು ಹಿಡಿದರು ಎಂಬುದು ನನಗೆ ಸ್ವಲ್ಪ ಅರ್ಥವಾಯಿತು.

ದೀಪಗಳದ್ದೂ ಇದೇ ಕಥೆ. ಮಕ್ಕಳು ಸ್ನೂಪಿಯ ಗೂಡಿನ ಮೇಲಿದ್ದುದನ್ನೆಲ್ಲ ಕಿತ್ತು ಗಿಡಕ್ಕೆ ಹಾಕುತ್ತಾರೆ. ಹೊಸ ಬೆಳಕೇನೂ ಆಕಾಶದಿಂದ ಇಳಿದು ಬರುವುದಿಲ್ಲ. ಬಹುಮಾನಕ್ಕಾಗಿ ಹಚ್ಚಿದ ಅದೇ ಬಲ್ಬು, ಅದೇ ವೈರು. ಜಾಗ ಮಾತ್ರ ಬದಲಾಗಿದೆ. ಹಬ್ಬದ ದೀಪ ನಂಬಿಕೆಯ ಸಂಕೇತವೆಂದು ಹೇಳುವುದಾದರೆ ಈ ಜಾಗ ಬದಲಾವಣೆಯ ನಂತರ ಹೇಳಬಹುದು. ಅದಕ್ಕೂ ಮೊದಲು ಅದು ಸ್ನೂಪಿಯ ದೀಪ, ಅಷ್ಟೆ. ಚೆನ್ನಾಗಿಯೇ ಇತ್ತು ಅನ್ನಿ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರುಗಳನ್ನೂ ಹೇಳಬೇಕು. ಮಕ್ಕಳು ಗಿಡದ ಸುತ್ತ ಕೈ ಆಡಿಸಿ ಹಿಂದೆ ಸರಿದಾಗ ಆ ಕಡ್ಡಿ ತುಂಬುಮರವಾಗಿಬಿಟ್ಟಿರುತ್ತದೆ. ಎಲ್ಲಿಂದ ಬಂದವು ಅಷ್ಟೊಂದು ಕೊಂಬೆಗಳು? ಪ್ರೀತಿಯ ಪವಾಡ ಎನ್ನುತ್ತಾರೆ. ನನಗದು ಚಿತ್ರದ ಒಂದೇ ಒಂದು ಹೇಡಿತನದ ಕ್ಷಣವಾಗಿ ಕಾಣುತ್ತದೆ. ಬಡಕಲು ಗಿಡ ಬಡಕಲಾಗಿಯೇ ಇದ್ದು, ಅದರ ಮೇಲೆ ಆ ದೀಪಗಳು ಉರಿಯಬೇಕಿತ್ತು. ಚಂದವಾದ ಮೇಲೆ ಒಪ್ಪಿಕೊಳ್ಳುವುದಕ್ಕೆ ಲೂಸಿಗೂ ಕಷ್ಟವಿಲ್ಲ, ಅವನು ದಡ್ಡನಾದರೂ ಮರ ಒಳ್ಳೆಯದನ್ನೇ ತಂದ ಎನ್ನುತ್ತಾಳೆ. ನಕ್ಕಿದ್ದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ. ಇನ್ನೊಂದು, ವ್ಯಾಪಾರವನ್ನು ಇಷ್ಟು ಹಳಿಯುವ ಚಿತ್ರಕ್ಕೆ ದುಡ್ಡು ಹಾಕಿದ್ದು ಕೋಕಾ ಕೋಲಾ. ಮೊದಲ ಪ್ರಸಾರದಲ್ಲಿ, ಮಂಜಿನ ಮೇಲೆ ಜಾರುವ ಆರಂಭದ ದೃಶ್ಯದಲ್ಲಿ ಲೈನಸ್ ಹಾರಿಹೋಗಿ ಡಿಕ್ಕಿ ಹೊಡೆಯುವುದು ಆ ಕಂಪನಿಯ ಹೆಸರಿನ ಫಲಕಕ್ಕೆ. ಮುಂದೆ ಅದನ್ನು ತೆಗೆದುಹಾಕಿದರು. ಆದರೆ ಸ್ನೂಪಿಯ ಗೂಡಿನ ಬಲ್ಬುಗಳಂತೆ ಆ ದುಡ್ಡೂ ಬೇರೆ ಕಡೆ ಉರಿಯಿತು ಎಂದು ಸಮಾಧಾನ ಮಾಡಿಕೊಳ್ಳುವುದು ನನಗೆ ಅಷ್ಟು ಸುಲಭವಾಗುತ್ತಿಲ್ಲ. ಅಲ್ಯೂಮಿನಿಯಂ ಮರಗಳ ಮಾರಾಟ ಬಿದ್ದುಹೋಗಲು ಈ ಚಿತ್ರವೂ ಒಂದು ಕಾರಣ ಎಂದು ಹೇಳುವುದುಂಟು. ಈಗ ಆ ಬಡಕಲು ಗಿಡದ ಪ್ಲಾಸ್ಟಿಕ್ ಪ್ರತಿ ಮಾರಾಟಕ್ಕಿದೆ, ಒಂದು ಕೆಂಪು ಗುಂಡು ಮತ್ತು ತುಂಡು ನೀಲಿ ಬಟ್ಟೆಯ ಸಮೇತ.

ಗೆಳತಿಯ ಅಮ್ಮ ಆ ವರ್ಷ ಮನೆಗೆ ಬಂದರು, ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಗಿಡದ ಬುಡಕ್ಕೆ ಸುತ್ತಿದ ಹೊದಿಕೆಯ ಬಗ್ಗೆ ನಾನು ಅವಳಿಗೆ ಬಹಳ ತಡವಾಗಿ ಹೇಳಿದೆ. ಅದನ್ನು ತಾನು ಗಮನಿಸಿರಲಿಲ್ಲ ಎಂದಳು. ಅವಳ ಫೋನಿನಲ್ಲಿದ್ದ ವಿಡಿಯೋ ಅಲ್ಲಿಯವರೆಗೆ ಬರುವುದಿಲ್ಲ.

ಕಡೆಯಲ್ಲಿ ಚಾರ್ಲಿ ಬ್ರೌನ್ ಹಿಂತಿರುಗಿ ಬರುತ್ತಾನೆ. ಅಷ್ಟರಲ್ಲಿ ದೀಪ ಹತ್ತಿದೆ, ಮಕ್ಕಳು ಗುನುಗುತ್ತಿದ್ದಾರೆ. ಇದೆಲ್ಲ ಎಲ್ಲಿಂದ ಬಂತು, ಯಾರು ಹಾಕಿದರು ಎಂದು ಅವನು ಕೇಳುವುದಿಲ್ಲ. ಬಾಯಿ ತೆರೆದು ಹಾಡತೊಡಗುತ್ತಾನೆ. ಹಿಮ ಬೀಳುತ್ತದೆ. ಹಿಂದೆ ಸ್ನೂಪಿಯ ಗೂಡು ಬೋಳಾಗಿ ನಿಂತಿದೆ.